ಯಾವ ವರ್ಷಕ್ಕೆ ಮರಳಬೇಕು? ಗ್ರೋನಿಂಗನ್‌ನ ಮಾರ್ಟಿನಿಕೆರ್ಕ್ ಆರ್ಗನ್ ದುರಸ್ತಿ: ಒಂದು ಪ್ರಕರಣ ಅಧ್ಯಯನ

ನೆದರ್ಲೆಂಡ್ಸ್‌ನ ಉತ್ತರ ಭಾಗದ ಗ್ರೋನಿಂಗನ್ ಊರಿನಲ್ಲಿ ಮಾರ್ಟಿನಿಕೆರ್ಕ್ ಎಂಬ ದೊಡ್ಡ ಚರ್ಚಿದೆ. ಅದರ ಪಶ್ಚಿಮ ತುದಿಯಲ್ಲಿ ಎತ್ತರಕ್ಕೆ ನಿಂತಿರುವ ಆರ್ಗನ್ (ಗಾಳಿ ಹಾಯಿಸಿ ಕೊಳವೆಗಳನ್ನು ನುಡಿಸುವ ಕೀಬೋರ್ಡ್ ವಾದ್ಯ), 1970ರ ದಶಕದ ಹೊತ್ತಿಗೆ, ತಲೆ ಒಂದು ಕಾಲದ್ದು ಕೈಕಾಲು ಇನ್ನೊಂದು ಕಾಲದ್ದು ಎಂಬಂಥ ಸ್ಥಿತಿಯಲ್ಲಿತ್ತು. ಕೆತ್ತನೆಯ ಮರದ ಮೈ ಹಳೆಯದು. ಒಳಗಿನ ಕೊಳವೆಗಳಲ್ಲಿ ಬಹಳಷ್ಟು ಹಳೆಯವು, ಕೆಲವಂತೂ ಹದಿನೈದು ಹದಿನಾರನೇ ಶತಮಾನದವು. ಆದರೆ ನುಡಿಸುವವನ ಬೆರಳಿನಿಂದ ಕೊಳವೆಯ ಬಾಯಿಯವರೆಗಿನ ದಾರಿ ಮಾತ್ರ 1937–39ರಲ್ಲಿ ಹೊಸದಾಗಿ ಹಾಕಿದ ವಿದ್ಯುತ್ ತಂತಿ, ಅಯಸ್ಕಾಂತ ಮತ್ತು ಪುಟ್ಟ ತೊಗಲ ತಿದಿಗಳದ್ದಾಗಿತ್ತು. ಆಗಲೇ ಸ್ವರಸಾಲುಗಳ (ಒಂದೊಂದು ಬಗೆಯ ನಾದದ ಕೊಳವೆಗಳ ಸಾಲುಗಳ) ಪಟ್ಟಿಯನ್ನೂ ತಿದ್ದಿದ್ದರು. ಈ ವಾದ್ಯವನ್ನು ದುರಸ್ತಿ ಮಾಡುವುದೆಂದರೆ ಅದನ್ನು ಯಾವ ವರ್ಷದ ರೂಪಕ್ಕೆ ತರುವುದು? ಆ ರೂಪವೇ ಏಕೆ? ಕಳೆದುಹೋದ ಭಾಗಗಳಿಗೆ ಸಾಕ್ಷಿ ಎಲ್ಲಿ? ಈ ಪ್ರಕರಣದ ತಿರುಳೆಲ್ಲ ಈ ಮೂರು ಪ್ರಶ್ನೆಗಳಲ್ಲಿದೆ.

ಉತ್ತರ ಕೊಟ್ಟವರು ಮುಖ್ಯವಾಗಿ ಇಬ್ಬರು. ಸಲಹೆಗಾರರಾಗಿ ಡಚ್ ಆರ್ಗನ್ ತಜ್ಞ ಕೋರ್ ಎಡ್ಸ್‌ಕೆಸ್. ಕೆಲಸಗಾರರಾಗಿ ಗಡಿಯಾಚೆ ಜರ್ಮನಿಯ ಲೇರ್ ಪಟ್ಟಣದ ಯೂರ್ಗೆನ್ ಆರೆಂಡ್. 1976–77ರಲ್ಲಿ ಒಂದು ವಿಭಾಗ, 1983–84ರಲ್ಲಿ ಉಳಿದದ್ದು, ಹೀಗೆ ಎರಡು ಕಂತಿನಲ್ಲಿ ಕೆಲಸ ನಡೆಯಿತು. ಗುರಿಯಾಗಿ ಆರಿಸಿಕೊಂಡ ವರ್ಷ 1740.

ಪದರಗಳು

ಈ ಆರ್ಗನ್‌ಗೆ ಒಬ್ಬ ಕರ್ತೃ ಎಂಬವನಿಲ್ಲ. ಹದಿನೈದನೇ ಶತಮಾನದ ವಾದ್ಯವೊಂದು ಇದರ ಬೀಜ. ಊರಿನ ಕಾರ್ಯದರ್ಶಿಯಾಗಿದ್ದ ವಿದ್ವಾಂಸ ರೊಡಾಲ್ಫಸ್ ಅಗ್ರಿಕೋಲನ ಹೆಸರು 1480ರ ಆಸುಪಾಸಿನ ಕೆಲಸದೊಂದಿಗೆ ತಳಕು ಹಾಕಿಕೊಂಡಿದೆ. 1542ರಲ್ಲಿ ಮರದ ಮೈ ರಿನೈಸೆನ್ಸ್ ಶೈಲಿಯ ಅಲಂಕಾರ ಪಡೆಯಿತು. 1691–92ರಲ್ಲಿ ಹ್ಯಾಂಬರ್ಗ್‌ನ ಆರ್ಗನ್ ಕಟ್ಟುವ ಕುಶಲಿ ಆರ್ಪ್ ಶ್ನಿಟ್‌ಗರ್ ಬಂದು ಹಳೆಯ ಮೈಯ ಎರಡೂ ಪಕ್ಕಕ್ಕೆ ಎರಡು ಎತ್ತರದ ಗೋಪುರಗಳನ್ನು ಕಟ್ಟಿ, ಪಾದದಿಂದ ನುಡಿಸುವ ಪೆಡಲ್ ವಿಭಾಗವನ್ನು ಅವುಗಳಲ್ಲಿ ಇರಿಸಿದ. 32 ಅಡಿಯ ಪ್ರೆಸ್ಟಾಂಟ್ ಎಂಬ ಮೂಲ ಕೊಳವೆಸಾಲು ಇವತ್ತಿಗೂ ಮುಂಭಾಗದಲ್ಲೇ ಕಾಣುತ್ತದೆ. ಆ ಸಾಲಿನ ಕೆಳಗಿನ ಸ್ವರಕ್ಕೆ ಸೆಕೆಂಡಿಗೆ ಹದಿನಾರು ಚಿಲ್ಲರೆ ಕಂಪನ. ಅದನ್ನು ಹುಟ್ಟಿಸಲು ಗಾಳಿಯ ಕಂಬ ಸುಮಾರು 10 ಮೀಟರ್ ಉದ್ದ ಇರಬೇಕು. ಕಿವಿಗಿಂತ ಮೊದಲು ಅದು ಕುಳಿತ ಬೆಂಚಿಗೆ ತಿಳಿಯುತ್ತದೆ.

ಶ್ನಿಟ್‌ಗರ್ ಹಳೆಯ ಕೊಳವೆಗಳನ್ನು ಎಸೆಯಲಿಲ್ಲ. ಚೆನ್ನಾಗಿದ್ದವನ್ನು ಉಳಿಸಿಕೊಂಡು ತನ್ನ ಯೋಜನೆಯೊಳಗೆ ಸೇರಿಸಿಕೊಂಡ. ಲೋಹ ದುಬಾರಿಯಾಗಿದ್ದ ಕಾಲ ಅದು. ಹಳೆಯ ಕೊಳವೆಯ ನಾದದ ಬೆಲೆಯೂ ಅವನಿಗೆ ಗೊತ್ತಿತ್ತು. 1728ರಲ್ಲಿ ಅವನ ಮಗ ಫ್ರಾಂಟ್ಸ್ ಕಾಸ್ಪರ್ ಶ್ನಿಟ್‌ಗರ್ ಹೊಸ ರುಖ್‌ಪೊಸಿಟೀಫ್ ಕಟ್ಟಲು ತೊಡಗಿದ. ನುಡಿಸುವವನ ಬೆನ್ನ ಹಿಂದೆ, ಮಾಳಿಗೆಯ ಅಂಚಿನಿಂದ ಸಭೆಯ ಕಡೆಗೆ ಚಾಚಿಕೊಂಡಿರುವ ಪುಟ್ಟ ಆರ್ಗನ್ ಅದು. 1729ರಲ್ಲಿ ಅವನು ತೀರಿಕೊಂಡಾಗ ಅವನ ಕೈಕೆಳಗಿದ್ದ ಆಲ್ಬರ್ಟಸ್ ಆಂಥೋನಿ ಹಿನ್ಸ್ ಕೆಲಸ ಮುಗಿಸಿದ. ಅದೇ ಹಿನ್ಸ್ 1740ರಲ್ಲಿ ಮತ್ತೊಮ್ಮೆ ವಾದ್ಯಕ್ಕೆ ಕೈಯಿಟ್ಟ. ಹತ್ತೊಂಬತ್ತನೇ ಶತಮಾನದಲ್ಲಿ ಸ್ಥಳೀಯ ಕುಶಲಿಗಳು ಆ ಕಾಲದ ಅಭಿರುಚಿಗೆ ತಕ್ಕಂತೆ ಮೃದು ಸ್ವರಸಾಲುಗಳನ್ನು ಸೇರಿಸುತ್ತ, ತೀಕ್ಷ್ಣವಾದವನ್ನು ತೆಗೆಯುತ್ತ ಬಂದರು. ಕೊನೆಗೆ ಬಂದದ್ದು 1937–39ರ ವಿದ್ಯುತ್ ವ್ಯವಸ್ಥೆ.

ಇಷ್ಟು ದೊಡ್ಡ ವಾದ್ಯ ಒಂದು ಪ್ರಾಟೆಸ್ಟಂಟ್ ಚರ್ಚಿನಲ್ಲಿ ಏಕಿದೆ ಎಂಬುದಕ್ಕೂ ಉತ್ತರ ಬೇಕು. ಆ ಉತ್ತರವೇ ಮುಂದೆ ನಾದದ ತೀರ್ಮಾನಗಳಿಗೂ ಆಧಾರವಾಗುತ್ತದೆ. ಕ್ಯಾಲ್ವಿನ್ ಪಂಥದ ಸುಧಾರಕರಿಗೆ ಆರಾಧನೆಯಲ್ಲಿ ಆರ್ಗನ್ ಬೇಡವಾಗಿತ್ತು. 1574ರಲ್ಲಿ ಡೋರ್ಡ್ರೆಕ್ಟ್‌ನಲ್ಲಿ ಸೇರಿದ ಚರ್ಚ್ ಸಭೆ ಅದನ್ನು ನಿಲ್ಲಿಸಬೇಕೆಂದೇ ಹೇಳಿತ್ತು. ಆದರೆ ಡಚ್ ಊರುಗಳಲ್ಲಿ ಆರ್ಗನ್ ಬಹುಮಟ್ಟಿಗೆ ನಗರಸಭೆಯ ಸೊತ್ತು, ಆರ್ಗನಿಸ್ಟ್ ನಗರದ ಸಂಬಳದ ನೌಕರ. ಹೀಗಾಗಿ ವಾದ್ಯ ಉಳಿಯಿತು. ಪ್ರಾರ್ಥನೆಯ ಮುಂಚೆ, ಮುಗಿದ ಮೇಲೆ, ವಾರದ ಸಂಜೆಗಳಲ್ಲಿ ಊರವರಿಗಾಗಿ ನುಡಿಸಲಾಯಿತು. ಗ್ರೋನಿಂಗನ್ 1594ರಲ್ಲಿ ಡಚ್ ಗಣರಾಜ್ಯದ ಕೈಸೇರಿದಾಗ ಮಾರ್ಟಿನಿಕೆರ್ಕ್ ಕೂಡ ಸುಧಾರಿತ (ಕ್ಯಾಲ್ವಿನ್) ಪಂಥದ ಚರ್ಚಾಯಿತು. ಹದಿನೇಳನೇ ಶತಮಾನದಲ್ಲಿ ಒಂದೊಂದೇ ಊರಿನಲ್ಲಿ ಸಭೆಯ ಕೀರ್ತನೆ ಗಾಯನಕ್ಕೆ ಆರ್ಗನ್ ಜೊತೆಗೂಡತೊಡಗಿತು.

ಆ ಗಾಯನ ಹೇಗಿತ್ತೆಂದು ತಿಳಿಯದೆ ಡಚ್ ಆರ್ಗನ್ ಅರ್ಥವಾಗುವುದಿಲ್ಲ. ಬೈಬಲಿನ ಕೀರ್ತನೆಗಳಿಗೆ ಜಿನೀವಾದಲ್ಲಿ ಸಿದ್ಧವಾದ ಧಾಟಿಗಳನ್ನು ಸಾವಿರ ಜನ ಒಂದೇ ಸ್ವರದಲ್ಲಿ, ಬಲು ವಿಳಂಬದಲ್ಲಿ, ಪ್ರತಿ ಅಕ್ಷರಕ್ಕೂ ಒಂದೇ ಉದ್ದ ಕೊಟ್ಟು, ಎದೆ ತುಂಬಿ ಹಾಡುತ್ತಿದ್ದರು. ಅಷ್ಟು ದನಿಗಳ ಮೇಲೆ ಧಾಟಿ ಕೇಳಿಸಬೇಕು, ಶ್ರುತಿ ಕೆಳಗಿಳಿಯದಂತೆ ಹಿಡಿದಿಡಬೇಕು. ಅದಕ್ಕೇ ಡಚ್ ವಾದ್ಯಗಳಲ್ಲಿ ಪ್ರೆಸ್ಟಾಂಟ್ ಎಂಬ ಮೂಲ ಸ್ವರಸಾಲಿನ ಮೇಲಿನ ಅರ್ಧಕ್ಕೆ ಒಂದೊಂದು ಕೀಗೆ ಎರಡೆರಡು ಕೊಳವೆ ಇಡುವ ರೂಢಿ ಬಂತು. ಪಂಚಮ ಮತ್ತು ಗಾಂಧಾರದ ಮೇಲ್ಸ್ವರಗಳನ್ನು ಕೂಡಿಸುವ ಸೆಸ್ಕ್ವಿಆಲ್ಟರ್ ಸಾಲು ಧಾಟಿಯನ್ನು ಎತ್ತಿ ತೋರಿಸಲು ಬಂತು. ಈ ವಾದ್ಯ ಸಭೆಯನ್ನು ಮುನ್ನಡೆಸಲೆಂದೇ ಹುಟ್ಟಿದ್ದು.

1930ರ ದಶಕದಲ್ಲಿ ಕಳೆದುಕೊಂಡದ್ದೇನು

ಹಳೆಯ ವ್ಯವಸ್ಥೆಯಲ್ಲಿ ಕೀ ಒತ್ತಿದಾಗ ಆಗುವುದಿಷ್ಟು. ಕೀಯ ತುದಿಗೆ ಕಟ್ಟಿದ ತೆಳ್ಳನೆಯ ಮರದ ಕಡ್ಡಿ ಮೇಲಕ್ಕೋ ಕೆಳಕ್ಕೋ ಎಳೆಯಲ್ಪಡುತ್ತದೆ. ಕೀಬೋರ್ಡಿನ ಅಗಲ ಒಂದು ಮೀಟರೂ ಇಲ್ಲ, ಆದರೆ ಕೊಳವೆಗಳು ನಿಂತ ಗಾಳಿಪೆಟ್ಟಿಗೆ ಹಲವು ಮೀಟರ್ ಅಗಲ. ಈ ಅಂತರ ದಾಟಿಸಲು ನಡುವೆ ಅಡ್ಡ ಉರುಳೆಗಳ ಹಲಗೆ ಇರುತ್ತದೆ. ಉರುಳೆಯ ಒಂದು ತುದಿಯ ತೋಳನ್ನು ಕಡ್ಡಿ ಎಳೆದರೆ ಇನ್ನೊಂದು ತುದಿಯ ತೋಳು ತನ್ನ ಕಡ್ಡಿಯನ್ನು ಎಳೆಯುತ್ತದೆ. ಆ ಕಡ್ಡಿ ಗಾಳಿಪೆಟ್ಟಿಗೆಯೊಳಗಿನ ಉದ್ದನೆಯ ಮರದ ಕವಾಟವನ್ನು ತೆರೆಯುತ್ತದೆ. ಕವಾಟದ ಮೈಗೆ ಕುರಿತೊಗಲು ಅಂಟಿಸಿರುತ್ತದೆ. ತೆರೆದ ಕೂಡಲೇ ಆ ಸ್ವರಕ್ಕೆ ಸೇರಿದ ಕಾಲುವೆಗೆ ಗಾಳಿ ನುಗ್ಗುತ್ತದೆ. ಯಾವ ಸ್ವರಸಾಲಿನ ಜಾರುಪಟ್ಟಿ (ಆ ಸಾಲಿಗೆ ಗಾಳಿ ಬಿಡುವ, ತೂತುಗಳುಳ್ಳ ಪಟ್ಟಿ) ಎಳೆದಿದೆಯೋ ಆ ಸಾಲಿನ ಕೊಳವೆ ನುಡಿಯುತ್ತದೆ.

ಇಲ್ಲಿ ಬೆರಳಿಗೆ ಸಿಗುವ ಪ್ರತಿರೋಧ ಗಾಳಿಯದ್ದೇ. ಲೆಕ್ಕ ಹಾಕಿ ನೋಡಬಹುದು. ಈ ಬಗೆಯ ವಾದ್ಯಗಳಲ್ಲಿ ಗಾಳಿಯ ಒತ್ತಡ ಸಾಮಾನ್ಯವಾಗಿ 70ರಿಂದ 90 ಮಿ.ಮೀ. ನೀರಿನ ಕಂಬದಷ್ಟು. ಕವಾಟ ಮುಚ್ಚುವ ಸಂದು 200 ಮಿ.ಮೀ. ಉದ್ದ, 20 ಮಿ.ಮೀ. ಅಗಲ ಎಂದುಕೊಂಡರೆ 80 ಮಿ.ಮೀ. ಒತ್ತಡದಲ್ಲಿ ಅದರ ಮೇಲೆ ಸುಮಾರು 320 ಗ್ರಾಂ ಭಾರ ಕೂತಿರುತ್ತದೆ. ಅದರ ಮೇಲೆ ಸ್ಪ್ರಿಂಗಿನ ಬಲ ಬೇರೆ. ಕವಾಟ ಕೂದಲೆಳೆಯಷ್ಟು ತೆರೆದ ಕ್ಷಣದಲ್ಲಿ ಆ ಭಾರ ತಟ್ಟನೆ ಇಳಿಯುತ್ತದೆ. ಬೆರಳಿಗೆ ಆ 'ಟಕ್' ಗೊತ್ತಾಗುತ್ತದೆ. ಪಳಗಿದ ಆರ್ಗನಿಸ್ಟ್ ಆ ಬಿಂದುವಿನ ಸುತ್ತಲೇ ಆಟವಾಡುತ್ತಾನೆ. ಕವಾಟವನ್ನು ನಿಧಾನ ತೆರೆದರೆ ಸ್ವರ ಮೆಲ್ಲಗೆ ಅರಳುತ್ತದೆ, ಚಟ್ಟನೆ ತೆರೆದರೆ ವ್ಯಂಜನದಂತೆ ಸಿಡಿದು ಶುರುವಾಗುತ್ತದೆ. ಬಿಡುವ ರೀತಿಯೂ ಅಷ್ಟೇ ಮುಖ್ಯ.

ವಿದ್ಯುತ್ ವ್ಯವಸ್ಥೆಯಲ್ಲಿ ಕೀ ಒಂದು ಸ್ವಿಚ್. ಅದು ಅಯಸ್ಕಾಂತಕ್ಕೆ ವಿದ್ಯುತ್ ಕಳಿಸುತ್ತದೆ, ಅಯಸ್ಕಾಂತ ಪುಟ್ಟ ತಿದಿಯ ಗಾಳಿ ಬಿಡುತ್ತದೆ, ತಿದಿ ಕವಾಟ ಎಳೆಯುತ್ತದೆ. ಬೆರಳು ಹೇಗೆ ಒತ್ತಿದರೂ ಕವಾಟ ಒಂದೇ ಬಗೆಯಲ್ಲಿ ತೆರೆಯುತ್ತದೆ. ಮೂರು ಕೀಬೋರ್ಡುಗಳನ್ನು ಜೋಡಿಸಿದರೂ ಕೀ ಭಾರವಾಗದು ಎಂಬ ಅನುಕೂಲವಿತ್ತು ನಿಜ. ಆದರೆ ನುಡಿಸುವವನಿಗೂ ಕೊಳವೆಗೂ ಇದ್ದ ನಂಟು ಕಡಿಯಿತು. ಜೊತೆಗೆ ಆ ವ್ಯವಸ್ಥೆಯ ಬಾಳಿಕೆಯೂ ಕಡಿಮೆ. ಪುಟ್ಟ ತಿದಿಗಳ ತೆಳು ತೊಗಲು ಕೆಲವು ದಶಕಗಳಲ್ಲಿ ಬಿರುಸಾಗಿ ಒಡೆಯುತ್ತದೆ, ಸಂಪರ್ಕ ಬಿಂದುಗಳು ಕಿಲುಬು ಹಿಡಿಯುತ್ತವೆ. ಚೆನ್ನಾಗಿ ಮಾಡಿದ ಮರದ ಕಡ್ಡಿ ಇನ್ನೂರು ವರ್ಷ ನಡೆಯುತ್ತದೆ. 1930ರ ದಶಕದವರು ಕೆಟ್ಟ ಉದ್ದೇಶದಿಂದ ಮಾಡಿದ್ದಲ್ಲ, ಆ ಕಾಲದಲ್ಲಿ ಅದೇ ಪ್ರಗತಿ ಎನಿಸಿತ್ತು. ಆದರೂ ಈ ಪ್ರಕರಣದಲ್ಲಿ ಅತಿ ದೊಡ್ಡ ನಷ್ಟ ಅದೇ ಎಂಬುದು ನಮ್ಮ ತೀರ್ಮಾನ.

1692 ಏಕಲ್ಲ, 1740 ಏಕೆ

ಶ್ನಿಟ್‌ಗರ್ ದೊಡ್ಡ ಹೆಸರು. ಪ್ರವಾಸಿಗರೂ ಸಂಗೀತಗಾರರೂ ಬರುವುದು ಆ ಹೆಸರಿಗೆ. ಹಾಗಾಗಿ 1692ಕ್ಕೆ ಮರಳುವ ಆಸೆ ಸಹಜ. ಆದರೆ ಹಾಗೆ ಮಾಡಬೇಕಿದ್ದರೆ 1728–30ರ ರುಖ್‌ಪೊಸಿಟೀಫನ್ನೇ ಕೆಡವಬೇಕಾಗುತ್ತಿತ್ತು. ಅದರ ಜಾಗದಲ್ಲಿ, ಕಣ್ಣಿಗೆ ಕಾಣುವಂತೆ ಏನೂ ಉಳಿದಿರದ ಹಳೆಯ ವಿಭಾಗವೊಂದನ್ನು ಊಹಿಸಿ ಕಟ್ಟಬೇಕಾಗುತ್ತಿತ್ತು. ಇರುವ ಒಳ್ಳೆಯ ವಸ್ತುವನ್ನು ತೆಗೆದು ಇಲ್ಲದ್ದನ್ನು ಊಹೆಯಿಂದ ತರುವುದು ದುರಸ್ತಿ ಎನಿಸುವುದಿಲ್ಲ. 1740 ಆರಿಸಿದರೆ ಅಪ್ಪ ಶ್ನಿಟ್‌ಗರ್, ಮಗ ಶ್ನಿಟ್‌ಗರ್, ಹಿನ್ಸ್ ಮೂವರ ಕೆಲಸವೂ ಉಳಿಯುತ್ತದೆ. ಅವರು ಉಳಿಸಿಕೊಂಡಿದ್ದ ಗಾಥಿಕ್ ಕಾಲದ ಕೊಳವೆಗಳೂ ಉಳಿಯುತ್ತವೆ. ಈ ಮೂವರೂ ಒಂದೇ ಕಮ್ಮಟದ ಪರಂಪರೆಯವರು, ಅಳತೆಗಳೂ ಕೆಲಸದ ರೀತಿಯೂ ಒಂದಕ್ಕೊಂದು ಒಗ್ಗುತ್ತವೆ.

ಇನ್ನೊಂದು ದಾರಿಯೂ ಇತ್ತು. ಹತ್ತೊಂಬತ್ತನೇ ಶತಮಾನದ ಸೇರ್ಪಡೆಗಳನ್ನೂ ಉಳಿಸಿಕೊಂಡು, ವಿದ್ಯುತ್ ವ್ಯವಸ್ಥೆಯನ್ನಷ್ಟೇ ತೆಗೆಯುವುದು. ಕಾಗದದ ಮೇಲೆ ಇದು ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆ. ಆದರೆ 1930ರ ದಶಕದ ಕೆಲಸ ಆ ಪದರದ ಯಂತ್ರಭಾಗವನ್ನೂ ಸೇರಿಸಿಯೇ ಅಳಿಸಿತ್ತು. ಹೇಗಿದ್ದರೂ ಹೊಸ ಯಾಂತ್ರಿಕ ವ್ಯವಸ್ಥೆ ಕಟ್ಟಲೇಬೇಕಿತ್ತು. ಕಟ್ಟುವುದಾದರೆ ಕೊಳವೆಗಳ ಬಹುಮುಖ್ಯ ಭಾಗ ಯಾವ ವ್ಯವಸ್ಥೆಗಾಗಿ ಹುಟ್ಟಿತ್ತೋ ಅದಕ್ಕೇ ಕಟ್ಟುವುದು ಎಂಬ ನ್ಯಾಯ ಇಲ್ಲಿ ಗೆದ್ದಿತು.

ಮೊದಲು ರುಖ್‌ಪೊಸಿಟೀಫ್

ಇಡೀ ವಾದ್ಯಕ್ಕೆ ಒಟ್ಟಿಗೆ ಕೈಹಾಕದೆ 1976–77ರಲ್ಲಿ ರುಖ್‌ಪೊಸಿಟೀಫನ್ನಷ್ಟೇ ಮಾಡಿದ್ದು ಈ ಪ್ರಕರಣದ ಅತ್ಯಂತ ಜಾಣ ಹೆಜ್ಜೆ. ಅದು ತನ್ನದೇ ಪೆಟ್ಟಿಗೆಯಲ್ಲಿ ಬೇರೆಯಾಗಿ ನಿಂತಿರುವ ವಿಭಾಗ. ಅಲ್ಲಿ ಮಾಡಿದ ತೀರ್ಮಾನವನ್ನು ಕಟ್ಟಡದೊಳಗೆ ವರ್ಷಗಟ್ಟಲೆ ಕೇಳಬಹುದು, ನಂತರ ದೊಡ್ಡ ವಿಭಾಗಗಳಿಗೆ ಹೋಗಬಹುದು. ಕೊಳವೆಯ ವಿಷಯದಲ್ಲಿ ಈ ತಾಳ್ಮೆ ಏಕೆ ಬೇಕೆಂಬುದು ಒಂದೇ ಒಂದು ಕೊಳವೆಯನ್ನು ಕೈಗೆತ್ತಿಕೊಂಡರೆ ತಿಳಿಯುತ್ತದೆ.

ತವರ ಮತ್ತು ಸೀಸದ ಮಿಶ್ರಲೋಹದ, ಮಾತನಾಡುವ ಭಾಗ ಸುಮಾರು ನಾಲ್ಕು ಅಡಿ ಉದ್ದದ ತೆರೆದ ಕೊಳವೆಯೊಂದನ್ನು ಮೇಜಿನ ಮೇಲೆ ಮಲಗಿಸಿದ್ದೇವೆ ಎಂದುಕೊಳ್ಳಿ. ಕೆಳಗೆ ಶಂಕುವಿನಾಕಾರದ ಪಾದ, ಅದರ ತುದಿಯಲ್ಲಿ ಗಾಳಿ ಹೋಗುವ ರಂಧ್ರ. ಪಾದವೂ ಮೈಯೂ ಕೂಡುವಲ್ಲಿ ಒಳಗೆ ಒಂದು ಅಡ್ಡ ತಟ್ಟೆ. ತಟ್ಟೆಯ ಮುಂಚೂಣಿಗೂ ಕೆಳತುಟಿಗೂ ನಡುವೆ ಕಾಗದದಷ್ಟು ಕಿರಿದಾದ ಸೀಳು. ಗಾಳಿ ಆ ಸೀಳಿನಿಂದ ಹಾಳೆಯಂತೆ ಹೊರಬಂದು ಮೇಲ್ತುಟಿಗೆ ಬಡಿದು ನಡುಗುತ್ತದೆ, ನಾದ ಹುಟ್ಟುತ್ತದೆ. ಕೊಳಲಿನ ತತ್ತ್ವವೇ ಇದು. ಮೈಯ ವ್ಯಾಸ 90 ಮಿ.ಮೀ. ಇದ್ದರೆ ಸುತ್ತಳತೆ ಸುಮಾರು 283 ಮಿ.ಮೀ. ಬಾಯಿಯ ಅಗಲ ಅದರ ಕಾಲು ಭಾಗ, ಅಂದರೆ ಸುಮಾರು 71 ಮಿ.ಮೀ. ಬಾಯಿಯ ಎತ್ತರ ಅದರಲ್ಲಿ ಮತ್ತೆ ಕಾಲು ಭಾಗ ಎಂದರೆ 18 ಮಿ.ಮೀ. ಹತ್ತಿರ. ಈ ಎತ್ತರವನ್ನು ಯಾರಾದರೂ ಚಾಕುವಿನಿಂದ 3 ಮಿ.ಮೀ. ಹೆಚ್ಚಿಸಿದರೆ ನಾದ ಗಟ್ಟಿತನ ಕಳೆದುಕೊಂಡು ಕೊಳಲಿನ ಕಡೆಗೆ ವಾಲುತ್ತದೆ, ಮೇಲ್ಸ್ವರಗಳು ಕಡಿಮೆಯಾಗುತ್ತವೆ, ಹೆಚ್ಚು ಗಾಳಿ ಬೇಡುತ್ತದೆ. ಕತ್ತರಿಸಿದ ಲೋಹ ಮತ್ತೆ ಬೆಳೆಯುವುದಿಲ್ಲ. ಹಿಂದಿನ ಸ್ಥಿತಿಗೆ ತರಬೇಕಾದರೆ ತುಟಿಗೆ ಅದೇ ಮಿಶ್ರಲೋಹದ ತುಂಡು ಬೆಸೆದು, ಸುತ್ತಲಿನ ಬದಲಾಗದ ಕೊಳವೆಗಳ ಅಳತೆ ನೋಡಿ ಹೊಸದಾಗಿ ಕೊಯ್ಯಬೇಕು.

ಹಾಗಾಗಿ ಕೆಲಸ ಶುರುವಾಗುವುದು ಓದಿನಿಂದ. ಕೊಳವೆಯ ಮೈಮೇಲೆ ಕಟ್ಟಿದವನು ಮೊನೆಯಿಂದ ಗೀಚಿದ ಸ್ವರದ ಹೆಸರಿರುತ್ತದೆ. ಒಬ್ಬೊಬ್ಬನ ಅಕ್ಷರದ ಬಾಗು ಒಂದೊಂದು ಬಗೆ. ಒಂದೇ ಕೊಳವೆಯ ಮೇಲೆ ಎರಡು ಹೆಸರುಗಳಿದ್ದು ಎರಡನೆಯದು ಮೊದಲನೆಯದಕ್ಕಿಂತ ಒಂದು ಅರ್ಧಸ್ವರ ಆಚೆಯದಾಗಿದ್ದರೆ, ಆ ಸಾಲನ್ನು ಯಾರೋ ಒಂದು ಮನೆ ಸರಿಸಿದ್ದಾರೆ ಎಂದರ್ಥ. ಉತ್ತರದ ಹಳೆಯ ಆರ್ಗನ್‌ಗಳ ಶ್ರುತಿ ಇಂದಿನದಕ್ಕಿಂತ ಸುಮಾರು ಅರ್ಧಸ್ವರ ಮೇಲಿರುತ್ತಿತ್ತು. ಮುಂದೆ ಬಂದವರು ಆರ್ಕೆಸ್ಟ್ರಾಗೆ ಹೊಂದಿಸಲೆಂದು ಇಂಥ ಕೆಲಸ ಮಾಡುವುದು ಸಾಮಾನ್ಯವಾಗಿತ್ತು. ವ್ಯಾಸಗಳನ್ನು ಅಳೆದು ಸಾಲಾಗಿ ಬರೆದರೆ ಒಂದು ನುಣುಪಾದ ಗೆರೆ ಬರಬೇಕು. ಗೆರೆ ಎಲ್ಲಿ ಎಗರುತ್ತದೋ ಅಲ್ಲಿಯ ಕೊಳವೆ ಬೇರೆ ಸಾಲಿನಿಂದ ಬಂದದ್ದು ಅಥವಾ ಬೇರೆ ಕಾಲದ್ದು. ಒಳತಟ್ಟೆಯ ಅಂಚಿನಲ್ಲಿ ಸಣ್ಣ ಸಣ್ಣ ಕಚ್ಚುಗಳು ಒತ್ತೊತ್ತಾಗಿದ್ದರೆ ಅದು ಹತ್ತೊಂಬತ್ತು ಇಪ್ಪತ್ತನೇ ಶತಮಾನದ ಕೈ. ಸ್ವರದ ಆರಂಭದ ಸಿಡಿತವನ್ನು ಮೆತ್ತಗಾಗಿಸಲು ಹಾಗೆ ಮಾಡುತ್ತಿದ್ದರು. ಕೊಳವೆಯ ಮೇಲ್ತುದಿಯಲ್ಲಿ ಸೀಳಿ ಸುರುಳಿ ಮಾಡಿದ್ದರೆ ಅದೂ ಆಮೇಲಿನದು. ಹಳಬರು ತುದಿಯನ್ನು ಸರಿಯಾದ ಉದ್ದಕ್ಕೆ ಕತ್ತರಿಸಿ, ಹಿತ್ತಾಳೆಯ ಶಂಕುವಿನಿಂದ ಅಂಚನ್ನು ತುಸು ಅರಳಿಸಿ ಇಲ್ಲವೇ ಮುದುರಿ ಶ್ರುತಿ ಕೂಡಿಸುತ್ತಿದ್ದರು.

ಆ ಉದ್ದದಲ್ಲೇ ಇನ್ನೊಂದು ಸಾಕ್ಷಿ ಅಡಗಿದೆ. ಹದಿನೇಳನೇ ಶತಮಾನದ ಮೀನ್‌ಟೋನ್ ಶ್ರುತಿಕ್ರಮದಲ್ಲಿ ಪಂಚಮಗಳನ್ನು ತಲಾ 5 ಸೆಂಟ್‌ಗಿಂತ ತುಸು ಹೆಚ್ಚು ಕಿರಿದು ಮಾಡಿ, ಗಾಂಧಾರಗಳನ್ನು 386 ಸೆಂಟ್‌ನ ಶುದ್ಧ ರೂಪದಲ್ಲಿ ಪಡೆಯುತ್ತಿದ್ದರು. ಅರ್ಧಸ್ವರಕ್ಕೆ 100 ಸೆಂಟ್ ಎಂಬ ಲೆಕ್ಕ ಇದು. ತಂಬೂರಿಯಲ್ಲಿ ಅಂತರ ಗಾಂಧಾರ ತಾನಾಗಿ ಕೇಳಿಬರುವುದನ್ನು ಬಲ್ಲವರಿಗೆ ಈ ಗಾಂಧಾರದ ಸೊಗಸನ್ನು ಬೇರೆ ವಿವರಿಸಬೇಕಿಲ್ಲ. ಇಂದಿನ ಪಿಯಾನೊದ ಗಾಂಧಾರ 400 ಸೆಂಟ್, 14 ಸೆಂಟ್ ಮೇಲೆ. ಆದರೆ ಮೀನ್‌ಟೋನ್‌ನಲ್ಲಿ ಉಳಿದ ತಪ್ಪೆಲ್ಲ ಒಂದೇ ಪಂಚಮದ ಮೇಲೆ ಬಂದು ಅದು 35 ಸೆಂಟ್ ಅಗಲವಾಗಿ ಊಳಿಡುತ್ತದೆ. ಹದಿನೆಂಟನೇ ಶತಮಾನದಲ್ಲಿ ಎಲ್ಲ ಶ್ರುತಿಗಳಲ್ಲೂ ನುಡಿಸುವ ಬೇಡಿಕೆ ಬಂದಂತೆ ಈ ಕ್ರಮಗಳು ಬದಲಾದವು. ಪ್ರತಿ ಬದಲಾವಣೆಯೂ ಕೆಲವು ಕೊಳವೆಗಳನ್ನು ಕತ್ತರಿಸಿತು, ಕೆಲವಕ್ಕೆ ತುಂಡು ಬೆಸೆಯಿಸಿತು. ಹನ್ನೆರಡು ಸ್ವರಗಳಲ್ಲಿ ಯಾವುದಕ್ಕೆ ಬೆಸುಗೆಯಿದೆ, ಯಾವುದಕ್ಕಿಲ್ಲ ಎಂದು ಪಟ್ಟಿ ಮಾಡಿದರೆ ಹಿಂದಿನ ಕ್ರಮದ ನೆರಳು ಕಾಣುತ್ತದೆ.

ಗಾಳಿಪೆಟ್ಟಿಗೆ, ಮತ್ತು ಚರ್ಚಿನ ಹೀಟರ್

ಕೊಳವೆಗಳಷ್ಟು ಮನ ಸೆಳೆಯದಿದ್ದರೂ ಹಳೆಯ ಆರ್ಗನ್‌ಗಳು ಸೋಲುವುದು ಸಾಮಾನ್ಯವಾಗಿ ಇಲ್ಲಿ. ಓಕ್ ಮರದ ಚೌಕಟ್ಟಿನಲ್ಲಿ ಒಂದೊಂದು ಕೀಗೆ ಒಂದೊಂದರಂತೆ ಅಡ್ಡ ಕಾಲುವೆಗಳು. ಮೇಲೆ ಹಲಗೆ, ಅದರ ಮೇಲೆ ಜಾರುಪಟ್ಟಿಗಳು, ಅವುಗಳ ಮೇಲೆ ಕೊಳವೆ ನಿಲ್ಲುವ ಹಲಗೆ. ಮೂರೂ ಪದರಗಳ ತೂತುಗಳು ನೇರ ಕೂಡಿದಾಗ ಗಾಳಿ ದಾಟುತ್ತದೆ. ಹಲಗೆಗೂ ಪಟ್ಟಿಗೂ ನಡುವೆ ಬಿಡುವ ಸಂದು ಮಿಲಿಮೀಟರಿನ ಸಣ್ಣ ಅಂಶ. ಮರ ಉಬ್ಬಿದರೆ ಪಟ್ಟಿ ಕಚ್ಚಿಕೊಂಡು ಎಳೆಯಲಾಗದು, ಕುಗ್ಗಿದರೆ ಗಾಳಿ ಪಕ್ಕದ ತೂತಿಗೆ ಸೋರುತ್ತದೆ.

ಇಪ್ಪತ್ತನೇ ಶತಮಾನದ ಮಧ್ಯದಲ್ಲಿ ಡಚ್ ಚರ್ಚುಗಳಿಗೆ ಬಿಸಿಗಾಳಿಯ ಹೀಟರುಗಳು ಬಂದಾಗ ಇಂಥ ಎಷ್ಟೋ ಪೆಟ್ಟಿಗೆಗಳು ಒಂದೆರಡು ಚಳಿಗಾಲದಲ್ಲೇ ಬಿರುಕು ಬಿಟ್ಟವು. ಹೊರಗಿನ ತಣ್ಣನೆಯ ಗಾಳಿಯಲ್ಲಿ ನೀರಿನಂಶವೇ ಕಡಿಮೆ. ಅದನ್ನು ಬಿಸಿ ಮಾಡಿದರೆ ತೇವದ ಪ್ರಮಾಣ ಕುಸಿಯುತ್ತದೆ, ಮರ ತನ್ನೊಳಗಿನ ನೀರನ್ನು ಬಿಟ್ಟುಕೊಟ್ಟು ಅಡ್ಡಕ್ಕೆ ಕುಗ್ಗುತ್ತದೆ. ಮುನ್ನೂರು ವರ್ಷ ತಂಪಿನಲ್ಲಿದ್ದ ಹಲಗೆ ಕಾಲುವೆಯ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಆಮೇಲೆ ಒಂದು ಕೀ ಒತ್ತಿದರೆ ಪಕ್ಕದ ಸ್ವರವೂ ಸಣ್ಣಗೆ ಅಳುತ್ತದೆ. ಹೀಟರಿನಿಂದ ಶ್ರುತಿಯೂ ಕೆಡುತ್ತದೆ: ಗಾಳಿ ಒಂದು ಡಿಗ್ರಿ ಬಿಸಿಯಾದರೆ ಕೊಳಲಿನ ಬಗೆಯ ಕೊಳವೆ ಸುಮಾರು 3 ಸೆಂಟ್ ಏರುತ್ತದೆ, ನಾಲಿಗೆಯಿರುವ (ಹಿತ್ತಾಳೆಯ ತೆಳು ಪಟ್ಟಿ ಅದುರಿ ನುಡಿಯುವ) ಕೊಳವೆ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಹತ್ತು ಡಿಗ್ರಿ ಏರಿದರೆ 30 ಸೆಂಟ್ ವ್ಯತ್ಯಾಸ, ನಾಲಿಗೆಯಿರುವ ಟ್ರಂಪೆಟ್ ಸಾಲು ಉಳಿದದ್ದರ ಜೊತೆ ಸೇರುವುದೇ ಇಲ್ಲ.

ಪೆಟ್ಟಿಗೆಯ ದುರಸ್ತಿಗೆ ಹಳೆಯ ವಿಧಾನವೇ ಇಂದಿಗೂ ಉತ್ತಮ. ಮೇಲಿನ ಹಲಗೆ ಬಿಚ್ಚಿ, ಬಿರುಕಿಗೆ ಅದೇ ಮರದ ತೆಳು ಸೀಳು ತುಂಬಿ, ಕಾಲುವೆಗಳ ಒಳಗೆ ಬಿಸಿ ಸರೇಸು ಸುರಿದು ಎಲ್ಲ ಮೂಲೆಗೂ ಹರಿಯುವಂತೆ ಹೊರಳಿಸಿ ಬಸಿಯುತ್ತಾರೆ. ಪ್ರಾಣಿಜನ್ಯ ಸರೇಸಿನ ಗುಣವೆಂದರೆ ನೂರು ವರ್ಷದ ಮೇಲೆ ಬರುವ ಕೆಲಸಗಾರ ಬಿಸಿನೀರಿನಿಂದ ಅದನ್ನು ಬಿಡಿಸಬಲ್ಲ. ಪ್ಲೈವುಡ್ ಹಾಕಿ ಸಂಶ್ಲೇಷಿತ ಅಂಟು ಹಚ್ಚಿದವರು ಮುಂದಿನವನ ಕೈ ಕಟ್ಟಿಹಾಕುತ್ತಾರೆ. ಓಕ್‌ನ ವಿಷಯದಲ್ಲಿ ಇನ್ನೊಂದು ಎಚ್ಚರ: ಆ ಮರ ಅಸಿಟಿಕ್ ಆಮ್ಲದ ಆವಿ ಬಿಡುತ್ತದೆ, ಅದು ಸೀಸ ಹೆಚ್ಚಿರುವ ಕೊಳವೆಯ ಪಾದವನ್ನು ಬಿಳಿ ಪುಡಿಯಾಗಿ ತಿನ್ನಬಲ್ಲದು. ಗಾಳಿಯಾಡದ ಪೆಟ್ಟಿಗೆ, ತೇವ, ಹೊಸ ಓಕ್ ಮೂರೂ ಕೂಡಿದಲ್ಲಿ ಅಪಾಯ ಹೆಚ್ಚು.

ಇಲ್ಲದ ಸಾಲುಗಳು

1983–84ರಲ್ಲಿ ಉಳಿದ ವಿಭಾಗಗಳಿಗೆ ಬಂದಾಗ, 1740ರಲ್ಲಿದ್ದು ಈಗ ಇಲ್ಲದ ಸ್ವರಸಾಲುಗಳನ್ನು ಹೊಸದಾಗಿ ಮಾಡಬೇಕಿತ್ತು. ಇಂಥಲ್ಲಿ ತಪ್ಪುವುದು ಸುಲಭ. ಅಳತೆ ಸಿಕ್ಕಿದರೆ ಸಾಲದು. ಅದೇ ಮಿಶ್ರಲೋಹ ಎರಕ ಹೊಯ್ದು, ಅದೇ ರೀತಿ ಬಡಿದು, ಅದೇ ದಪ್ಪಕ್ಕೆ ತರಬೇಕು. ಯಂತ್ರದಲ್ಲಿ ಒಂದೇ ಸಮ ದಪ್ಪಕ್ಕೆ ತೆಗೆದ ತಗಡಿನ ಕೊಳವೆ ಅದೇ ಅಳತೆಯದಾದರೂ ಬೇರೆಯಾಗಿ ನುಡಿಯುತ್ತದೆ. ಆರೆಂಡ್ ಅವರ ಶಕ್ತಿ ಇದ್ದದ್ದು ಇಲ್ಲೇ. ಜರ್ಮನಿಯ ಸ್ಟಾಡೆಯ ಸೇಂಟ್ ಕೊಸ್ಮೆ ಚರ್ಚಿನ ಆರ್ಗನ್ನನ್ನು ಅವರು 1975ರ ಹೊತ್ತಿಗೆ ಮುಗಿಸಿದ್ದರು. ನಾರ್ಡನ್‌ನ ಲುಡ್‌ಗೆರಿ ಚರ್ಚಿನ ಶ್ನಿಟ್‌ಗರ್ ವಾದ್ಯದ ಕೆಲಸ 1981–85ರಲ್ಲಿ, ಗ್ರೋನಿಂಗನ್ ಕೆಲಸದ ಜೊತೆಜೊತೆಗೇ ನಡೆಯುತ್ತಿತ್ತು. ಒಂದು ಕಡೆ ಮೂಲ ಕೊಳವೆ ಉಳಿದಿದ್ದರೆ ಅದರ ಅಳತೆ, ತುಟಿ, ನಾಲಿಗೆ ಇನ್ನೊಂದು ಕಡೆಗೆ ಮಾದರಿ.

ನಾಲಿಗೆ ಕೊಳವೆಗಳದ್ದು ಇನ್ನೂ ಸೂಕ್ಷ್ಮ. ಹಾರ್ಮೋನಿಯಂ ರೀಡು ತನ್ನ ಸಂದಿನೊಳಗೆ ಹಾದು ಆಡುತ್ತದೆ. ಆರ್ಗನ್‌ನ ಹಿತ್ತಾಳೆ ನಾಲಿಗೆ ದೋಣಿಯಾಕಾರದ ಪುಟ್ಟ ತೊಟ್ಟಿಯ ಅಂಚಿಗೆ ಬಡಿದು ಹಿಂತಿರುಗುತ್ತದೆ. ನಾಲಿಗೆಯನ್ನು ಚಪ್ಪಟೆ ಬಿಟ್ಟರೆ ನುಡಿಯುವುದೇ ಇಲ್ಲ. ಉಕ್ಕಿನ ಸಲಾಕೆಯಿಂದ ಉಜ್ಜಿ ತುದಿಯನ್ನು ಕೂದಲೆಳೆಯಷ್ಟು ಮೇಲೆತ್ತಿ ಬಾಗಿಸಬೇಕು. ಬಾಗು ಹೆಚ್ಚಾದರೆ ತಡವಾಗಿ ಒರಟಾಗಿ ಶುರುವಾಗುತ್ತದೆ, ಕಡಿಮೆಯಾದರೆ ಕೀರಲು ದನಿ, ನಡುವೆ ಎಲ್ಲಾದರೂ ಮುರುಕಿದ್ದರೆ ಗರಗರ. ತೊಟ್ಟಿಯ ಅಂಚಿಗೆ ತೊಗಲು ಹೊದಿಸಿದರೆ ದನಿ ದುಂಡಗಾಗುತ್ತದೆ. ಪೆಡಲ್‌ನ 16 ಅಡಿಯ ಬಜೂನ್ ಸಾಲು ಸಾವಿರ ಕಂಠಗಳ ಕೆಳಗೆ ನೆಲದಂತೆ ನಿಲ್ಲಬೇಕಾದ್ದರಿಂದ ಈ ಬಾಗನ್ನು ಚರ್ಚಿನೊಳಗೆ ಕೂತೇ ಮುಗಿಸಬೇಕು. ಕಮ್ಮಟದಲ್ಲಿ ಚೆಂದ ಕೇಳಿದ್ದು ಅಲ್ಲಿ ಸೊರಗಬಹುದು.

ಮಾರ್ಟಿನಿಕೆರ್ಕ್‌ನಲ್ಲಿ ಇವತ್ತು ಮೂರು ಕೀಬೋರ್ಡ್, ಪೆಡಲ್, ಐವತ್ತಕ್ಕೂ ಹೆಚ್ಚು ಸ್ವರಸಾಲುಗಳು, ಎಲ್ಲವೂ ಮರದ ಕಡ್ಡಿಗಳ ಯಾಂತ್ರಿಕ ವ್ಯವಸ್ಥೆಯಲ್ಲಿ. ಅಲ್ಲಿನ ಆರ್ಗನಿಸ್ಟರಲ್ಲೊಬ್ಬರಾದ ಸೀಟ್ಸೆ ಡೆ ವ್ರೀಸ್ ಕೀರ್ತನೆಯ ಧಾಟಿ ಹಿಡಿದು ಮನೋಧರ್ಮದಿಂದ ವಿಸ್ತರಿಸುವುದಕ್ಕೆ ಹೆಸರಾದವರು. ಧಾಟಿಯನ್ನು ರುಖ್‌ಪೊಸಿಟೀಫ್‌ನ ಒಂದೇ ನಾಲಿಗೆ ಸಾಲಿನಲ್ಲಿ ಹಾಡಿಸಿ, ಜೊತೆಯನ್ನು ಮೇಲಿನ ವಿಭಾಗದ ಕೊಳಲುಗಳಿಗೆ ಕೊಟ್ಟಾಗ, ಎರಡು ವಿಭಾಗಗಳ ನಡುವಿನ ದೂರವೇ ಕಿವಿಗೆ ಕೇಳಿಸುತ್ತದೆ. ಆ ಅನುಭವ ಧ್ವನಿಮುದ್ರಣಕ್ಕೆ ಸಿಗುವುದು ಕಷ್ಟ.

ಕೊಟ್ಟ ಬೆಲೆ

1740ರ ತೀರ್ಮಾನದಿಂದ ಒಂದು ಪದರ ಹೋಯಿತು. ಹತ್ತೊಂಬತ್ತನೇ ಶತಮಾನದ ಗ್ರೋನಿಂಗನ್ ಜನ ಕೇಳಿದ ಮಾರ್ಟಿನಿ ಆರ್ಗನ್ ಇನ್ನು ಕೇಳಸಿಗದು. ಅದೇ ಊರಿನಲ್ಲಿ, ಕೆಲವೇ ನಿಮಿಷ ನಡೆದರೆ ಸಿಗುವ ದರ್-ಆ ಚರ್ಚಿನಲ್ಲಿ ಶ್ನಿಟ್‌ಗರ್‌ನ ಇನ್ನೊಂದು ಆರ್ಗನ್ ಇದೆ. 1702ರಲ್ಲಿ ಅಕಾಡೆಮಿ ಚರ್ಚಿಗೆಂದು ಕಟ್ಟಿದ್ದು, ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಇಲ್ಲಿಗೆ ತಂದು ಬಗೆಬಗೆಯಾಗಿ ಮಾರ್ಪಡಿಸಿದ್ದು. ಅಲ್ಲಿಯೂ ಇದೇ ಪ್ರಶ್ನೆ ಎದ್ದು ಬಹಳ ವರ್ಷ ವಾದ ನಡೆಯಿತು. 2011ರಲ್ಲಿ ಮುಗಿದ ದುರಸ್ತಿಯಲ್ಲಿ ಹತ್ತೊಂಬತ್ತನೇ ಶತಮಾನದ ಸೇರ್ಪಡೆಗಳನ್ನು ಉಳಿಸಿಕೊಂಡೇ ವಾದ್ಯವನ್ನು ಸರಿಪಡಿಸಿದರು. ಎರಡರಲ್ಲಿ ಒಂದು ತಪ್ಪೆಂದು ನಾವು ಹೇಳಲಾರೆವು. ದರ್-ಆ ವಾದ್ಯದಲ್ಲಿ ನಂತರದ ಪದರವೇ ಒಂದು ಪೂರ್ಣ ಸ್ಥಿತಿಯಾಗಿ ಉಳಿದಿತ್ತು. ಮಾರ್ಟಿನಿಯಲ್ಲಿ ಆ ಪದರವನ್ನು 1939 ಆಗಲೇ ಒಡೆದಿತ್ತು. ಎರಡನ್ನೂ ಒಂದೇ ಮಧ್ಯಾಹ್ನ ಕೇಳಿದವರಿಗೆ ಈ ವ್ಯತ್ಯಾಸದ ಅರ್ಥ ನೇರ ಸಿಗುತ್ತದೆ.

ನಿತ್ಯದ ಆರೈಕೆಯಲ್ಲಿ ಎಲ್ಲ ಹಳೆಯ ಆರ್ಗನ್‌ಗಳಿಗೂ ಒಂದೇ ಕಟ್ಟುಪಾಡು. ಚಳಿಗಾಲದಲ್ಲಿ ಚರ್ಚನ್ನು ನಿಧಾನ ಬಿಸಿ ಮಾಡಬೇಕು, ತೇವಮಾಪಕವನ್ನು ವಾದ್ಯದ ಪಕ್ಕದಲ್ಲೇ ಇಡಬೇಕು. ಕಛೇರಿಯ ಮುಂಚೆ ಶ್ರುತಿ ಕೂಡಿಸುವವನು ನಾಲಿಗೆ ಸಾಲುಗಳನ್ನಷ್ಟೇ ಮುಟ್ಟುತ್ತಾನೆ. ನಾಲಿಗೆಯನ್ನು ಒತ್ತಿಹಿಡಿದ ತಂತಿಯನ್ನು ಮೇಲಕ್ಕೋ ಕೆಳಕ್ಕೋ ಮೆಲ್ಲನೆ ತಟ್ಟಿ, ಆ ದಿನದ ಉಷ್ಣತೆಗೆ ಉಳಿದ ಕೊಳವೆಗಳ ಶ್ರುತಿ ಎಲ್ಲಿದೆಯೋ ಅಲ್ಲಿಗೆ ಅವನ್ನು ತರುತ್ತಾನೆ. ಉಳಿದ ಕೊಳವೆಗಳ ಹತ್ತಿರ ಹೋಗುವುದಿಲ್ಲ, ಏಕೆಂದರೆ ಕೈಯ ಬಿಸಿ ತಾಗಿದರೂ ಅವು ಕೆಲವು ನಿಮಿಷ ಸರಿದು ನಿಲ್ಲುತ್ತವೆ, ಶಂಕುವಿನ ಪ್ರತಿ ಏಟೂ ಹಳೆಯ ಅಂಚನ್ನು ಸ್ವಲ್ಪ ಸವೆಸುತ್ತದೆ.